ಕಾನೂನು ಪ್ರಶ್ನೋತ್ತರ: ಸಮನ್ಸಿನ ಹಿಂಬದಿಯ ಷರಾ

ಪ್ರಶ್ನೆ: ನಮ್ಮ ಹೊಲ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿದೆ. ನೀರು ಬಾರದ ವರ್ಷ ಮನೆಗೆ ಬೀಗ ಹಾಕಿ ಬೆಂಗಳೂರಿಗೆ ಗುಳೆ ಹೋಗುತ್ತೇವೆ. ಕಳೆದ ಸಲ ಮರಳಿ ಬಂದಾಗ ಕದದ ಮೇಲೆ ಒಣಗಿದ ಅಂಟಿನ ಕಲೆ ಮತ್ತು ಹರಿದ ಕಾಗದದ ಒಂದು ಮೂಲೆ ಕಂಡಿದ್ದವು. ಹುಡುಗರ ಆಟವೆಂದು ಸುಮ್ಮನಾದೆ. ಎರಡು ವಾರದ ಹಿಂದೆ ಪಹಣಿ ತೆಗೆಸಿದಾಗ ಎರಡು ಎಕರೆ ದೊಡ್ಡಪ್ಪನ ಮಗನ ಹೆಸರಿಗೆ ಆಗಿರುವುದು ತಿಳಿಯಿತು. ನನ್ನ ವಿರುದ್ಧ ಏಕಪಕ್ಷೀಯ ಡಿಕ್ರಿ ಆಗಿದೆಯಂತೆ. ಬೆಂಗಳೂರಿನಲ್ಲಿ ನಾವಿದ್ದ ಶೆಡ್ಡಿಗೆ ಅವನು ಒಮ್ಮೆ ಬಂದು ಊಟ ಮಾಡಿ ಹೋಗಿದ್ದ. ಈಗ ನನಗೆ ದಾರಿ ಇದೆಯೇ?
ಓದುಗರು, ಮಾನ್ವಿ ತಾಲ್ಲೂಕು

ಉತ್ತರ: ದಾರಿ ಇದೆ, ಆದರೆ ದಿನಗಳು ಕಡಿಮೆ ಇವೆ. ಏಕಪಕ್ಷೀಯ ಡಿಕ್ರಿಯನ್ನು, ಅಂದರೆ ನಿಮ್ಮ ಗೈರುಹಾಜರಿಯಲ್ಲಿ ಆದ ತೀರ್ಪನ್ನು, ರದ್ದುಪಡಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶದ 13ನೇ ನಿಯಮದಡಿ ಅರ್ಜಿ ಹಾಕಬೇಕು. ಅದರ ಅವಧಿ ಡಿಕ್ರಿಯಾದ ದಿನದಿಂದ 30 ದಿನ. ಸಮನ್ಸ್ ಕ್ರಮಬದ್ಧವಾಗಿ ಜಾರಿಯಾಗಿರದಿದ್ದರೆ ಡಿಕ್ರಿಯ ವಿಷಯ ನಿಮಗೆ ತಿಳಿದ ದಿನದಿಂದ 30 ದಿನ. ನೀವು ಈಗಾಗಲೇ ಎರಡು ವಾರ ಕಳೆದಿದ್ದೀರಿ. ಪಹಣಿ ಪ್ರತಿಯ ಮೇಲಿರುವ ದಿನಾಂಕವೇ ನಿಮಗೆ ವಿಷಯ ತಿಳಿದ ದಿನಕ್ಕೆ ಸಾಕ್ಷಿಯಾಗಬಹುದು, ಆ ಪ್ರತಿಯನ್ನು ಜೋಪಾನವಾಗಿಡಿ.

ನಾಳೆಯೇ ವಕೀಲರ ಮೂಲಕ ಆ ದಾವೆಯ ಕಡತದಲ್ಲಿರುವ ಸಮನ್ಸಿನ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಬಂದ ಕೂಡಲೇ ಮುಂಬದಿಯನ್ನು ಬಿಟ್ಟು ಹಿಂಬದಿಯನ್ನು ಓದಿ, ಏಕೆಂದರೆ ಆದೇಶ ಜಾರಿಕಾರರು, ಅಂದರೆ ನಮ್ಮ ಕಡೆ ಈಗಲೂ ಅಮೀನರೆಂದು ಕರೆಯುವವರು, ಬರೆದ ಷರಾ ಅಲ್ಲಿರುತ್ತದೆ. ನಿಮ್ಮ ಪ್ರಕರಣದ ಜೀವ ಆ ನಾಲ್ಕೈದು ಸಾಲುಗಳಲ್ಲಿದೆ. ಸಮನ್ಸನ್ನು ಪ್ರತಿವಾದಿಯ ಕೈಗೇ ಕೊಡಬೇಕೆಂಬುದು ಮೂಲ ನಿಯಮ. ಅವನು ಮನೆಯಲ್ಲಿಲ್ಲದಿದ್ದು, ಬೇಗ ಸಿಗುವ ಸಂಭವವೂ ಇಲ್ಲದಿದ್ದರೆ, ಜೊತೆಯಲ್ಲಿ ವಾಸಿಸುವ ಕುಟುಂಬದ ವಯಸ್ಕ ಸದಸ್ಯರಿಗೆ ಕೊಡಬಹುದು. ಹೆಣ್ಣಾಗಲಿ ಗಂಡಾಗಲಿ ಭೇದವಿಲ್ಲ, ಆದರೆ ಮನೆಯ ಆಳು ಕುಟುಂಬದ ಸದಸ್ಯನಲ್ಲ. ಇದು ಯಾವುದೂ ಸಾಧ್ಯವಾಗದಿದ್ದಾಗ ಮಾತ್ರ ಅದೇ ಸಂಹಿತೆಯ 5ನೇ ಆದೇಶದ 17ನೇ ನಿಯಮದಂತೆ ಪ್ರತಿವಾದಿ ಸಾಮಾನ್ಯವಾಗಿ ವಾಸಿಸುವ ಮನೆಯ ಹೊರಬಾಗಿಲಿಗೆ ಅಂಟಿಸಬೇಕು. ಅಂಟಿಸಿದರೆ ಕೆಲಸ ಮುಗಿಯಲಿಲ್ಲ. ಯಾವ ಸಂದರ್ಭದಲ್ಲಿ ಅಂಟಿಸಿದೆ, ಆ ಮನೆಯನ್ನು ಗುರುತಿಸಿ ತೋರಿಸಿದವರು ಯಾರು, ಯಾರ ಸಮಕ್ಷಮ ಅಂಟಿಸಿದೆ ಎಂಬುದನ್ನು ಅವರ ಹೆಸರು, ವಿಳಾಸ ಸಹಿತ ಬರೆದು ನ್ಯಾಯಾಲಯಕ್ಕೆ ಒಪ್ಪಿಸಬೇಕು.

«ಬಾಗಿಲು ಮುಚ್ಚಿತ್ತು, ಅಂಟಿಸಲಾಗಿದೆ» ಎಂದು ಒಂದೇ ಸಾಲಿದ್ದರೆ ಅದು ನಿಯಮ ಕೇಳುವ ವರದಿಯಲ್ಲ. ಅಮೀನರು ಎಷ್ಟು ಸಲ ಬಂದಿದ್ದರು, ನೀವು ಎಲ್ಲಿಗೆ ಹೋಗಿದ್ದೀರೆಂದು ಅಕ್ಕಪಕ್ಕದವರನ್ನು ವಿಚಾರಿಸಿದ್ದರೇ ಎಂಬುದೂ ಮುಖ್ಯ. ಬೇಸಿಗೆಯಲ್ಲಿ ಅರ್ಧ ಓಣಿಗೆ ಬೀಗ ಬೀಳುವ ನಮ್ಮ ಹಳ್ಳಿಗಳಲ್ಲಿ ಈ ವಿಚಾರಣೆಯನ್ನು ಶಾಸ್ತ್ರಕ್ಕೆಂದು ಮಾಡಿದರೆ ಬಡವನ ಭೂಮಿ ಹೋಗುತ್ತದೆ ಎಂಬ ನೋವಿನಿಂದಲೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ. ನಿಮ್ಮ ದಾಯಾದಿಗೆ ಬೆಂಗಳೂರಿನ ವಿಳಾಸ ಗೊತ್ತಿದ್ದೂ ಅದನ್ನು ದಾವೆಯಲ್ಲಿ ಕಾಣಿಸಲಿಲ್ಲ ಎಂಬುದನ್ನು ಪ್ರಮಾಣಪತ್ರದಲ್ಲಿ (ಅಫಿಡವಿಟ್) ಸ್ಪಷ್ಟವಾಗಿ ಹೇಳಿ. ಅವನು ಬಂದಾಗ ಜೊತೆಗಿದ್ದ ಕೆಲಸಗಾರರ ಪ್ರಮಾಣಪತ್ರವನ್ನೂ ಸೇರಿಸಿ.

ಒಂದು ಎಚ್ಚರಿಕೆ ಹೇಳಲೇಬೇಕು. ಜಾರಿಯಲ್ಲಿ ಲೋಪವಿದ್ದರೂ, ವಿಚಾರಣೆಯ ದಿನಾಂಕ ನಿಮಗೆ ತಿಳಿದಿತ್ತು ಮತ್ತು ಹಾಜರಾಗಲು ಸಾಕಷ್ಟು ಸಮಯವಿತ್ತು ಎಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ ಆ ಲೋಪವೊಂದರಿಂದಲೇ ಡಿಕ್ರಿ ರದ್ದಾಗುವುದಿಲ್ಲ. ಆದ್ದರಿಂದ ಕದದ ಮೇಲೆ ಕಂಡ ಕಾಗದದ ಮೂಲೆಯ ವಿಷಯವನ್ನು ಮುಚ್ಚಿಡದೆ, ಅದರಲ್ಲಿ ಓದಲು ಏನೂ ಉಳಿದಿರಲಿಲ್ಲ ಎಂಬುದನ್ನು ಇದ್ದಂತೆಯೇ ಹೇಳಿ. ವಕೀಲರ ಶುಲ್ಕ ಕಷ್ಟವಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವು ಕೇಳಿ.

ಪ್ರಶ್ನೆ: ಭತ್ತದ ಬಾಬ್ತು ಕೊಟ್ಟ ಚೆಕ್ ಬೌನ್ಸ್ ಆಗಿದೆ. ವಕೀಲರು ಕಳಿಸಿದ ನೋಟಿಸು «ಪಡೆಯಲು ನಿರಾಕರಿಸಿದ್ದಾರೆ» ಎಂಬ ಷರಾದೊಂದಿಗೆ ಮರಳಿತು. ನೋಟಿಸು ತಲುಪಿಲ್ಲವೆಂದು ಅವರು ವಾದಿಸಬಹುದೇ?
ಓದುಗರು, ಗಂಗಾವತಿ

ಉತ್ತರ: ವಾದಿಸಬಹುದು, ಆದರೆ ಆ ವಾದ ನಿಲ್ಲುವುದು ಕಷ್ಟ. ಸರಿಯಾದ ವಿಳಾಸ ಬರೆದು, ಅಂಚೆ ವೆಚ್ಚ ಭರಿಸಿ, ನೋಂದಾಯಿತ ಅಂಚೆಯಲ್ಲಿ ಕಳಿಸಿದ ಪತ್ರ ತಲುಪಿದೆಯೆಂದೇ 1897ರ ಸಾಮಾನ್ಯ ಖಂಡಗಳ ಅಧಿನಿಯಮದ 27ನೇ ಕಲಂ ಭಾವಿಸುತ್ತದೆ. ತಲುಪಿಲ್ಲವೆಂದು ತೋರಿಸುವ ಹೊಣೆ ಅವರದು. 2007ರಲ್ಲಿ ಸರ್ವೋಚ್ಚ ನ್ಯಾಯಾಲಯವು ಚೆಕ್ ಪ್ರಕರಣಗಳಿಗೂ ಇದನ್ನೇ ಅನ್ವಯಿಸಿ, ನೋಟಿಸು ಬರಲಿಲ್ಲ ಎನ್ನುವವರು ಕೋರ್ಟಿನ ಸಮನ್ಸ್ ಸಿಕ್ಕ 15 ದಿನಗಳೊಳಗೆ ಹಣ ಕಟ್ಟಿ ದೂರನ್ನು ವಜಾ ಮಾಡುವಂತೆ ಕೇಳಬಹುದಿತ್ತು ಎಂದಿದೆ. ಚೆಕ್ ಮರಳಿಸಿದ ಬ್ಯಾಂಕಿನ ಮೆಮೊ ಬಂದ 30 ದಿನಗಳೊಳಗೆ ನೋಟಿಸು ಹೊರಟಿದೆಯೇ ಎಂದು ರಸೀದಿ ನೋಡಿಕೊಳ್ಳಿ. ಮರಳಿದ ಲಕೋಟೆಯನ್ನು ಒಡೆಯಬೇಡಿ. ಅಂಟು ಮುರಿಯದ ಸ್ಥಿತಿಯಲ್ಲೇ ಅದನ್ನು ನ್ಯಾಯಾಲಯಕ್ಕೆ ಹಾಜರುಪಡಿಸಬೇಕು.

ಪ್ರಶ್ನೆ: ವಿಚಾರಣೆಗೆ ಹಾಜರಾಗಬೇಕೆಂಬ ಪೊಲೀಸ್ ನೋಟಿಸು ವಾಟ್ಸಾಪಿನಲ್ಲಿ ಬಂದಿದೆ. ಅದು ಸಿಂಧುವೇ?
ಓದುಗರು, ಬಳ್ಳಾರಿ

ಉತ್ತರ: ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಮಿನ ನೋಟಿಸನ್ನು, ಅಂದರೆ ಹಾಜರಾಗುವಂತೆ ಪೊಲೀಸರು ಕೊಡುವ ಇಂಥ ನೋಟಿಸನ್ನು, ವಾಟ್ಸಾಪಿನಂಥ ಮಾಧ್ಯಮದಲ್ಲಿ ಕಳಿಸಿದರೆ ಅದು ಜಾರಿಯಾದಂತಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2025ರ ಜನವರಿಯಲ್ಲಿ ಹೇಳಿದೆ. ನ್ಯಾಯಾಲಯದ ಸಮನ್ಸಿನ ಮಾತು ಬೇರೆ. ಕೋರ್ಟಿನ ಮೊಹರಿನ ಚಿತ್ರ ಅಥವಾ ಡಿಜಿಟಲ್ ಸಹಿಯೊಂದಿಗೆ ಅದನ್ನು ವಿದ್ಯುನ್ಮಾನ ರೂಪದಲ್ಲಿ ಹೊರಡಿಸಲು ಅದೇ ಸಂಹಿತೆಯ 63ನೇ ಕಲಂ ಅವಕಾಶ ಕೊಟ್ಟಿದೆ. ಹಾಗೆಂದು ಬಂದ ಸಂದೇಶವನ್ನು ಅಳಿಸಬೇಡಿ. ಅದರಲ್ಲಿನ ಕೊಂಡಿಯನ್ನು ಒತ್ತದೆ, ಅದರಲ್ಲಿ ಕೊಟ್ಟ ಸಂಖ್ಯೆಗೆ ಕರೆ ಮಾಡದೆ, ಅದರ ಮುದ್ರಿತ ಪ್ರತಿಯನ್ನು ಹಿಡಿದು ಆ ಠಾಣೆಗೇ ಹೋಗಿ, ಅಪರಾಧ ಸಂಖ್ಯೆ ನಿಜವೇ ಎಂದು ವಿಚಾರಿಸಿ, ನೋಟಿಸನ್ನು ಕೈಯಲ್ಲಿ ಕೊಡುವಂತೆ ಲಿಖಿತವಾಗಿ ಕೇಳಿ ಸ್ವೀಕೃತಿ ಪಡೆಯಿರಿ.