ತೋಟ, ಬೇಣ ಲೇಔಟ್ ಆಗದಂತೆ ಉಳಿಸಲು ಭೂ ಟ್ರಸ್ಟ್ ನೆರವಾಗುತ್ತದೆಯೇ?

ಶಿರಸಿಯ ತೋಟ, ಬೇಣ (ತೋಟಕ್ಕೆ ಹೊಂದಿದ ಹುಲ್ಲುಗಾವಲು) ಮೊಮ್ಮಕ್ಕಳ ಕಾಲಕ್ಕೂ ಹಸಿರಾಗಿರಲಿ ಎಂಬ ನಿಮ್ಮ ಆಸೆ ನನ್ನದೂ ಹೌದು. ಅಮೆರಿಕದಲ್ಲಿ ಇದಕ್ಕೆಂದೇ ಭೂ ಟ್ರಸ್ಟ್‌ಗಳಿವೆ. ಜಮೀನು ಮಾಲೀಕರ ಹೆಸರಲ್ಲೇ ಇರುತ್ತದೆ, ಬೇಸಾಯಕ್ಕಾಗಲಿ ಮಾರಾಟಕ್ಕಾಗಲಿ ಅಡ್ಡಿಯಿಲ್ಲ. ಸೈಟು ಮಾಡುವ, ಕಟ್ಟಡ ಎಬ್ಬಿಸುವ ಹಕ್ಕನ್ನಷ್ಟೇ ಕರಾರು ಬರೆದು ಬಿಟ್ಟುಕೊಡುತ್ತಾರೆ. ನೋಂದಣಿಯಾದ ಆ ಕರಾರು ಮುಂದೆ ಕೊಂಡವರಿಗೂ ಅನ್ವಯಿಸುತ್ತದೆ. ಅದರ ಪಾಲನೆಯನ್ನು ಟ್ರಸ್ಟ್‌ನವರು ಆಗಾಗ ಬಂದು ನೋಡುತ್ತಾರೆ.

ನಮ್ಮಲ್ಲಿ ಇಂಥ ಕರಾರಿಗೆಂದೇ ಪ್ರತ್ಯೇಕ ಕಾನೂನಿಲ್ಲ. ‘ಎಂದಿಗೂ ಯಾರಿಗೂ ಮಾರಕೂಡದು’ ಎಂದು ದಾನಪತ್ರದಲ್ಲಿ ಬರೆಸಿದರೂ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 10ನೇ ಕಲಮಿನಡಿ ಆ ಷರತ್ತು ನಿಲ್ಲುವುದಿಲ್ಲ. ಟ್ರಸ್ಟಿಗೆ ಬರೆದುಕೊಡುವುದಿದ್ದರೆ ಭೂ ಸುಧಾರಣಾ ಕಾಯ್ದೆ ಬಲ್ಲ ವಕೀಲರನ್ನು ಮೊದಲು ಕಾಣಿ. ತೋಟದ ಗೊಬ್ಬರಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಕಾಡಾದ ಸೊಪ್ಪಿನ ಬೆಟ್ಟವನ್ನು ಮಾತ್ರ ಸೇರಿಸಬೇಡಿ: ಅದು ಸರ್ಕಾರದ್ದು, ನಿಮಗಿರುವುದು ಸೊಪ್ಪು, ದರಕು (ಒಣಗಿದ ಎಲೆ) ತರುವ ಸವಲತ್ತು.