ಜೆಲ್ ಚೆನ್ನಾಗಿದೆ, ಫೆರೈಟ್ ಯಾಕೆ ಕೆಟ್ಟಿತು?

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಕೊಬಾಲ್ಟ್ ಫೆರೈಟ್ (ಕಬ್ಬಿಣ, ಕೊಬಾಲ್ಟ್ ಕೂಡಿದ ಕಾಂತೀಯ ಆಕ್ಸೈಡ್) ಮಾಡುತ್ತಿದ್ದೇನೆ ಸರ್. ಕಬ್ಬಿಣ ಮತ್ತು ಕೊಬಾಲ್ಟ್ ನೈಟ್ರೇಟ್‌ಗಳನ್ನು 2:1 ಮೋಲ್ ಲೆಕ್ಕದಲ್ಲಿ (ಕೊಬಾಲ್ಟ್ ನೈಟ್ರೇಟ್ 2.91 ಗ್ರಾಂ) ಕರಗಿಸಿ, ಸಿಟ್ರಿಕ್ ಆಮ್ಲ, ಎಥಿಲೀನ್ ಗ್ಲೈಕಾಲ್ ಸೇರಿಸಿ ಕಾಯಿಸಿದೆ. ಜೆಲ್ ತಿಳಿಯಾಗಿಯೇ ಬಂತು. 700 ಡಿಗ್ರಿಯಲ್ಲಿ ಸುಟ್ಟ ಪುಡಿಯ ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ಕಿರಣದ ಹರಳು ಪರೀಕ್ಷೆ) ಮಾತ್ರ 33.2 ಡಿಗ್ರಿ ಕೋನದ ಹತ್ತಿರ ಹೆಮಟೈಟ್, ಅಂದರೆ ಬರೀ ಕಬ್ಬಿಣದ ಆಕ್ಸೈಡ್, ಕಾಣುತ್ತಿದೆ. ಸಿಟ್ರಿಕ್ ಆಮ್ಲ ಹೆಚ್ಚಿಸಲೇ, ಉಷ್ಣತೆ ಏರಿಸಲೇ?
– ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಸದ್ಯಕ್ಕೆ ಎರಡೂ ಬೇಡಮ್ಮ. ನನ್ನ ಅನುಮಾನ ಕೊಬಾಲ್ಟ್ ನೈಟ್ರೇಟ್ ಬಾಟಲಿಯ ಮೇಲೆ. ಆ ಉಪ್ಪು ತೇವ ಎಳೆಯುತ್ತದೆ. ನಿಮ್ಮೂರಿನ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ನೀವು ತೂಗಿದ 2.91 ಗ್ರಾಂನಲ್ಲಿ ಒಂದಿಷ್ಟು ಬರೀ ನೀರು. ಕೊಬಾಲ್ಟ್ ಕಡಿಮೆ ಬಿದ್ದಾಗ ಜೊತೆ ಸಿಗದೆ ಉಳಿದ ಕಬ್ಬಿಣ ಹೆಮಟೈಟ್ ಆಗುತ್ತದೆ.

1967ರ ಪೇಟೆಂಟಿನಲ್ಲಿ ಮ್ಯಾಗಿಯೊ ಪೆಚಿನಿ ತೋರಿಸಿದ ದಾರಿ ನೀವು ಹಿಡಿದಿರುವ ಈ ಜೆಲ್ ವಿಧಾನ. ಸಿಟ್ರಿಕ್ ಆಮ್ಲ ಲೋಹದ ಅಯಾನುಗಳನ್ನು ಹಿಡಿದುಕೊಳ್ಳುತ್ತದೆ, ಗ್ಲೈಕಾಲ್ ಅದರೊಡನೆ ಬೆಸೆದು ಪಾಲಿಎಸ್ಟರ್ ಆಗುತ್ತದೆ. ದ್ರಾವಣ ಪಾಕದಂತೆ ಗಟ್ಟಿಯಾಗುವಾಗ ಅಯಾನುಗಳು ಬೆರೆತಲ್ಲೇ ಸಿಕ್ಕಿಬೀಳುತ್ತವೆ. ಆಕ್ಸೈಡ್ ಪುಡಿಗಳನ್ನು ಅರೆದು ಸುಡುವವರು ಸಾವಿರ ಡಿಗ್ರಿ ದಾಟಬೇಕಾಗುತ್ತದೆ, ಏಕೆಂದರೆ ಅಲ್ಲಿ ಅಯಾನುಗಳು ಒಂದು ಕಣದಿಂದ ಇನ್ನೊಂದಕ್ಕೆ ನಡೆದೇ ಹೋಗಬೇಕು. ನಿಮಗೆ ಆ ಕಷ್ಟವಿಲ್ಲ. ಆದರೆ ಜೆಲ್ ನೀವು ಕೊಟ್ಟ ಪ್ರಮಾಣವನ್ನು ಹಾಗೇ ಕಾಪಾಡುತ್ತದೆ, ತಪ್ಪು ಪ್ರಮಾಣವನ್ನೂ!

ಹೀಗೆ ಮಾಡಿ. ಒಂದು ಗ್ರಾಂ ಕೊಬಾಲ್ಟ್ ನೈಟ್ರೇಟನ್ನು ಕ್ರೂಸಿಬಲ್‌ನಲ್ಲಿ (ಮೂಸೆ) ನಿಧಾನವಾಗಿ ಕಾಯಿಸಿ, 700 ಡಿಗ್ರಿಗೆ ಒಯ್ದು ತೂಕ ಒಂದೇ ಸಮ ನಿಲ್ಲುವವರೆಗೆ ಸುಡಿ. ಹೆಕ್ಸಾಹೈಡ್ರೇಟ್ (ಆರು ಅಣು ನೀರು ಕೂಡಿದ ಉಪ್ಪು) ಸರಿಯಾಗಿದ್ದರೆ 0.276 ಗ್ರಾಂ ಕಪ್ಪು ಆಕ್ಸೈಡ್ ಉಳಿಯಬೇಕು. 0.25 ಮಾತ್ರ ಉಳಿಯಿತೆನ್ನಿ, 2.91ರ ಬದಲು 3.21 ಗ್ರಾಂ ಹಾಕಿ. ಕಬ್ಬಿಣದ ನೈಟ್ರೇಟಿಗೂ ಇದೇ ಪರೀಕ್ಷೆ: ನೋನಾಹೈಡ್ರೇಟ್ (ಒಂಬತ್ತು ಅಣು ನೀರಿನದು) ಒಂದು ಗ್ರಾಂಗೆ 0.198 ಗ್ರಾಂ ಉಳಿಯಬೇಕು. ಆಮೇಲೂ ಹೆಮಟೈಟ್ ಕಂಡರೆ ಉಷ್ಣತೆಯ ಮಾತಾಡೋಣ.

ಸಿಟ್ರಿಕ್ ಆಮ್ಲ ಲೋಹಗಳ ಒಟ್ಟು ಮೋಲ್‌ನಷ್ಟೇ ಇದ್ದರೆ ಶುರುಮಾಡಲು ಸಾಕು. ಹೆಚ್ಚಿಸಿದಷ್ಟೂ ಸುಡಬೇಕಾದ ಇಂಗಾಲ ಹೆಚ್ಚು.

ಇನ್ನೊಂದು, ನೀವು ಕೇಳದಿದ್ದರೂ ಹೇಳುತ್ತೇನೆ. ನೈಟ್ರೇಟ್ ಮತ್ತು ಸಾವಯವ ವಸ್ತು ಕೂಡಿದ ಒಣ ಜೆಲ್ ಫಕ್ಕನೆ ಹೊತ್ತಿಕೊಳ್ಳಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲ್ ಮತ್ತು ಅವರ ಸಂಗಡಿಗರು 1988ರಲ್ಲಿ ಅಂಥ ಬೆಂಕಿಯನ್ನೇ ದುಡಿಸಿಕೊಂಡರು: ಅಲ್ಯೂಮಿನಿಯಂ ನೈಟ್ರೇಟ್, ಯೂರಿಯಾ ದ್ರಾವಣವನ್ನು 500 ಡಿಗ್ರಿಯ ಕುಲುಮೆಗೆ ಇಟ್ಟು ಕೆಲವೇ ನಿಮಿಷಗಳಲ್ಲಿ ಅಲ್ಯೂಮಿನಾ ತೆಗೆದರು. ಅದು ಬೇಕೆಂದೇ ಹಚ್ಚಿದ ಬೆಂಕಿ. ನೀವು ಬೀಕರಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ತುಂಬಬೇಡಿ, ಉಕ್ಕುತ್ತದೆ. ಕಂದು ಹೊಗೆ ಬರುವ ಕೆಲಸವೆಲ್ಲ ಫ್ಯೂಮ್ ಹುಡ್ (ಹೊಗೆ ಹೀರುವ ಗೂಡು) ಒಳಗೇ ಆಗಲಿ.