ಕೈಜಾರಿದ ಚೆಂಡು, ಕೈಬಿಡುವ ಕ್ಲಬ್

ಓದುಗರ ಪ್ರಶ್ನೆ, ನಮ್ಮ ಉತ್ತರ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಗೋಲ್‌ಕೀಪರ್‌ಗಳ ಬಗ್ಗೆಯೇ.

ಪ್ರಶ್ನೆ: ಮ್ಯಾಂಚೆಸ್ಟರ್ ಯುನೈಟೆಡ್ ಮ್ಯಾಚ್ ನೋಡಲು ನಾವು ಏಳೆಂಟು ಗೆಳೆಯರು ಒಂದೇ ರೂಮಿನಲ್ಲಿ ಸೇರುತ್ತೇವೆ. ಗೋಲ್‌ಕೀಪರ್ ಆಂಡ್ರೆ ಒನಾನಾ ಹೆಸರು ಬಂದರೆ ಜಗಳ ಗ್ಯಾರಂಟಿ. ಅಷ್ಟು ತಪ್ಪು ಮಾಡಿದವರನ್ನು ಕ್ಲಬ್ ಮಾರಿಬಿಡುವುದು ಬಿಟ್ಟು ಟರ್ಕಿಗೆ ಎರವಲು ಕೊಟ್ಟಿದ್ದೇಕೆ? ಅವರ ಮುಂದಿನ ದಾರಿ ಹೇಗೆ ತೀರ್ಮಾನವಾಗುತ್ತದೆ?
(ವಿದ್ಯಾರ್ಥಿ, ವಿದ್ಯಾನಗರ, ದಾವಣಗೆರೆ)

ಉತ್ತರ: ನಿಮ್ಮ ಜಗಳದಲ್ಲಿ ಎರಡು ಲೆಕ್ಕ ಕಲಸಿಹೋಗಿವೆ. ಮೈದಾನದ್ದು ಒಂದು, ಖಜಾನೆಯದ್ದು ಇನ್ನೊಂದು.

ಮೊದಲು ಖಜಾನೆ. 2023ರಲ್ಲಿ ಇಂಟರ್ ಮಿಲಾನ್‌ನಿಂದ ಬಂದ ಒನಾನಾ ಸಹಿ ಹಾಕಿದ್ದು 2028ರ ಜೂನ್‌ವರೆಗಿನ ಒಪ್ಪಂದಕ್ಕೆ. ಆಟಗಾರನನ್ನು ಕೊಂಡ ಹಣವನ್ನು ಕ್ಲಬ್‌ಗಳು ಒಪ್ಪಂದದ ಅಷ್ಟೂ ವರ್ಷಗಳಿಗೆ ಹಂಚಿ ಖರ್ಚು ಬರೆಯುತ್ತವೆ. ಉದಾಹರಣೆಗೆ 50 ಕೋಟಿ ಕೊಟ್ಟು ಐದು ವರ್ಷಕ್ಕೆ ತಂದರೆ ವರ್ಷಕ್ಕೆ 10 ಕೋಟಿ. ಎರಡು ವರ್ಷ ಕಳೆದಾಗ ಪುಸ್ತಕದಲ್ಲಿ ಇನ್ನೂ 30 ಕೋಟಿ ಬಾಕಿ ಇರುತ್ತದೆ. ಹೆಸರು ಕೆಟ್ಟ ಹೊತ್ತಿನಲ್ಲಿ ಯಾರೋ 15 ಕೋಟಿಗೆ ಕೇಳಿದರು ಅಂತ ಮಾರಿದರೆ ಅವತ್ತೇ 15 ಕೋಟಿ ನಷ್ಟ ಬರೆಯಬೇಕು. ಎರವಲು ಕೊಟ್ಟರೆ ಆ ನಷ್ಟ ಸದ್ಯಕ್ಕೆ ತಪ್ಪುತ್ತದೆ, ಸಂಬಳದ ಭಾರ ಪೂರ್ತಿಯೋ ಅರ್ಧವೋ ಇಳಿಯುತ್ತದೆ, ಅಲ್ಲಿ ಆಟ ಕೂಡಿಬಂದರೆ ಬೆಲೆಯೂ ಚೇತರಿಸಿಕೊಳ್ಳುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಟರ್ಕಿಯ ಟ್ರಾಬ್ಜಾನ್‌ಸ್ಪೋರ್‌ಗೆ ಕಳಿಸಿದ್ದರ ಹಿಂದೆ ಇದೇ ಬಗೆಯ ಲೆಕ್ಕ ಕಾಣುತ್ತದೆ.

ಈಗ ಮೈದಾನ. 2025ರ ಏಪ್ರಿಲ್‌ನಲ್ಲಿ ಲಿಯಾನ್ ವಿರುದ್ಧದ 2-2 ಪಂದ್ಯದಲ್ಲಿ ಎರಡೂ ಗೋಲಿಗೆ ಒನಾನಾ ಹೊಣೆಯಾದರು. ಒಂದು, ದೂರದ ಫ್ರೀ ಕಿಕ್ ಯಾರ ಕಾಲಿಗೂ ತಾಗದೆ ಒಳಗೆ ಹೋಯಿತು. ಇನ್ನೊಂದು, ಕೊನೆಗಳಿಗೆಯಲ್ಲಿ ತಡೆದ ಚೆಂಡು ಎದುರಾಳಿಯ ಕಾಲ ಮುಂದೆಯೇ ಬಿತ್ತು. ಮುಂದಿನ ಲೀಗ್ ಪಂದ್ಯಕ್ಕೆ ಅವರನ್ನು ಬಿಟ್ಟು ಎರಡನೇ ಕೀಪರ್ ಬಯಿಂದಿರ್ ಅವರನ್ನು ನಿಲ್ಲಿಸಿದರು. ನ್ಯೂಕಾಸಲ್ ನಾಲ್ಕು ಗೋಲು ಹೊಡೆಯಿತು! ಆ ನಾಲ್ಕನ್ನು ನಿಮ್ಮ ರೂಮಿನಲ್ಲಿ ಯಾರಾದರೂ ನೆನೆಸುತ್ತಾರೆಯೇ? ಹೆಸರು ಅನ್ನುವುದು ಹೀಗೇ. ಒಮ್ಮೆ ಅಂಟಿದರೆ ಬೇರೆಯವರ ಪಾಲಿನ ಗೋಲೂ ಅದೇ ಖಾತೆಗೆ ಜಮಾ. ಆಗಸ್ಟ್ 27ರಂದು ನಾಲ್ಕನೇ ದರ್ಜೆಯ ಗ್ರಿಮ್ಸ್‌ಬಿ ಎದುರು ಪೆನಾಲ್ಟಿಯಲ್ಲಿ 12-11ರಿಂದ ಸೋತ ಮೇಲಂತೂ ಮಾತಿಗೆ ಜಾಗವೇ ಉಳಿಯಲಿಲ್ಲ.

ಹಾಗಂತ ತಪ್ಪುಗಳ ಪಟ್ಟಿ ನೋಡಿಯೇ ಕ್ಲಬ್‌ಗಳು ಕೀಪರ್ ಬದಲಿಸುತ್ತವೆ ಎಂದುಕೊಳ್ಳಬೇಡಿ. 2022-23ರಲ್ಲಿ 17 ಪಂದ್ಯಗಳಲ್ಲಿ ಗೋಲು ಬಿಡದೆ ಲೀಗಿನ ಗೋಲ್ಡನ್ ಗ್ಲೌ ಗೆದ್ದ ಡೇವಿಡ್ ಡಿ ಗಿಯಾ ಅವರನ್ನು ಅದೇ ಬೇಸಿಗೆಯಲ್ಲಿ ಯುನೈಟೆಡ್ ಕಳಿಸಿಕೊಟ್ಟಿತು. ಹಿಂದಿನಿಂದ ಕಾಲಲ್ಲಿ ಆಟ ಕಟ್ಟುವ ಕೀಪರ್ ಬೇಕೆಂದೇ ಒನಾನಾ ಬಂದದ್ದು. ಡಿ ಗಿಯಾ ಒಂದು ವರ್ಷ ಮನೆಯಲ್ಲಿ ಕೂತು 2024ರಲ್ಲಿ ಇಟಲಿಯ ಫಿಯೊರೆಂಟಿನಾ ಸೇರಿದರು.

ಕೀಪರ್‌ನನ್ನು ಅಳೆಯಲು ಕ್ಲಬ್‌ಗಳಲ್ಲಿ ಇನ್ನೊಂದು ಕೋಲೂ ಇದೆ. ಗೋಲಿನತ್ತ ಬಂದ ಪ್ರತಿ ಹೊಡೆತಕ್ಕೂ ಎಲ್ಲಿಂದ ಬಂತು, ಯಾವ ಮೂಲೆಗೆ ಹೋಯಿತು ಎಂದು ನೋಡಿ ಬೆಲೆ ಕಟ್ಟುತ್ತಾರೆ. ಒಟ್ಟು ಬೆಲೆ 40 ಗೋಲು ಬಂದು, ಕೀಪರ್ ಬಿಟ್ಟದ್ದು 36 ಆದರೆ ನಾಲ್ಕು ಉಳಿಸಿದಂತೆ. 44 ಆದರೆ ನಾಲ್ಕು ಕಳೆದಂತೆ. ವೈರಲ್ ಆದ ಮೂರು ತಪ್ಪು ಮಾಡಿದವನೂ ಈ ಲೆಕ್ಕದಲ್ಲಿ ಲಾಭದಲ್ಲಿರಬಹುದು. ಎಲ್ಲೂ ಎಡವದೆ, ಆದರೆ ಕಷ್ಟದ ಚೆಂಡಿಗೆ ಕೈಯನ್ನೇ ಹಾಕದವನು ನಷ್ಟದಲ್ಲಿರಬಹುದು.

ಮುಂದಿನ ದಾರಿ ತಿಳಿಯಬೇಕಾದರೆ ಒಪ್ಪಂದದಲ್ಲಿ ಉಳಿದ ವರ್ಷ, ಸಂಬಳ, ಜಾಗಕ್ಕೆ ಬಂದವರ ವಯಸ್ಸು ನೋಡಿ. ಯುನೈಟೆಡ್ ತಂದ ಸೆನ್ನೆ ಲ್ಯಾಮೆನ್ಸ್ ಹುಟ್ಟಿದ್ದು 2002ರಲ್ಲಿ. ಅಂದರೆ ಆ ಜಾಗ ಬೇಗ ಖಾಲಿಯಾಗುವಂಥದ್ದಲ್ಲ. ಇಂಥ ಕಡೆ ಬೆಲೆ ಎಷ್ಟು ಇಳಿಯಬಹುದು ಎನ್ನುವುದಕ್ಕೆ ಕೆಪಾ ಅರಿಸಬಲಾಗ ಉದಾಹರಣೆ. 2018ರಲ್ಲಿ ಚೆಲ್ಸಿ ಕೊಟ್ಟದ್ದು 8 ಕೋಟಿ ಯೂರೊ, ಕೀಪರ್ ಒಬ್ಬರಿಗೆ ಅದುವರೆಗೆ ಸಿಕ್ಕಿದ್ದರಲ್ಲೇ ಹೆಚ್ಚು. ರಿಯಲ್ ಮ್ಯಾಡ್ರಿಡ್, ಬೋರ್ನ್‌ಮತ್‌ಗೆ ಎರವಲು ಹೋಗಿಬಂದ ಮೇಲೆ 2025ರಲ್ಲಿ ಆರ್ಸೆನಲ್ ಅವರನ್ನು ಕೊಂಡದ್ದು ಸುಮಾರು 50 ಲಕ್ಷ ಪೌಂಡಿಗೆ.

ಪ್ರಶ್ನೆ: ಮಗ ಪಿಯು ಕಾಲೇಜು ತಂಡದ ಕೀಪರ್. ಎರಡು ಪಂದ್ಯದಲ್ಲಿ ಸುಲಭದ ಚೆಂಡು ಕೈಯಿಂದ ಜಾರಿತು. ಈಗ ಹೈಸ್ಕೂಲ್ ಮೈದಾನಕ್ಕೆ ಹೋದರೆ ಸಾಕು, "ಬೆಣ್ಣೆದೋಸೆ ತಿಂದು ಕೈ ತೊಳ್ಕೊಂಡಿಲ್ವೇನಲೇ" ಎಂದು ಹುಡುಗರು ರೇಗಿಸುತ್ತಾರೆ. ಗ್ಲೌಸ್ ಬದಲಿಸಿದರೆ ಸರಿಹೋಗುತ್ತದೆಯೇ?
(ತಂದೆ, ಪಿ.ಜೆ. ಬಡಾವಣೆ, ದಾವಣಗೆರೆ)

ಉತ್ತರ: ಅಂಗಡಿಗೆ ಹೋಗುವ ಮೊದಲು ಒಂದು ನೋಟ್‌ಬುಕ್ ಕೊಡಿಸಿ. ಗೋಲಾದ ಪ್ರತಿ ಚೆಂಡಿಗೂ ಒಂದು ಸಾಲು: ಎಲ್ಲಿಂದ ಬಂತು, ತಾನು ಗೆರೆಯಿಂದ ಎಷ್ಟು ಮುಂದಿದ್ದೆ, ಪುಟಿದು ಬಂತೇ ನೇರ ಬಂತೇ, ಕೈಗೆ ತಾಗಿತೇ ಇಲ್ಲವೇ. ಹತ್ತು ಪಂದ್ಯ ಬರೆದರೆ ರೋಗ ತಾನೇ ಗೊತ್ತಾಗುತ್ತದೆ. "ಕೈ ಜಾರಿತು" ಎನ್ನುವ ಗೋಲುಗಳಲ್ಲಿ ಎಷ್ಟೋ ಸಲ ಜಾರಿದ್ದು ಕೈಯಲ್ಲ, ಕಾಲು ತಡವಾಗಿರುತ್ತದೆ. ಮೈ ಚೆಂಡಿನ ಹಿಂದೆ ಬರದೆ ಕೈ ಮಾತ್ರ ಪಕ್ಕಕ್ಕೆ ಚಾಚಿದಾಗ ಹಿಡಿತ ನಿಲ್ಲುವುದಿಲ್ಲ.

ಎದೆಯಿಂದ ಮೇಲಿನ ಚೆಂಡಿಗೆ ಎರಡು ಹೆಬ್ಬೆರಳು ಹತ್ತಿರ ಬಂದು, ಅಂಗೈಗಳು ಚೆಂಡಿನ ಹಿಂಬದಿಗಿರಬೇಕು. ಮೊಣಕೈ ತುಸು ಮಡಿಚಿರಲಿ. ಸೆಟೆದ ಕೈಗೆ ಬಡಿದ ಚೆಂಡು ಹಿಂದಕ್ಕೆ ಹಾರುತ್ತದೆ. ಸೊಂಟದಿಂದ ಕೆಳಗಿನದಕ್ಕೆ ಕಿರುಬೆರಳುಗಳು ಹತ್ತಿರ, ಬೊಗಸೆಯ ಹಾಗೆ ಎತ್ತಿ ಎದೆಗೆ ಅಪ್ಪಿಕೊಳ್ಳಬೇಕು. ನೆಲದ ಚೆಂಡಿಗೆ ಒಂದು ಮೊಣಕಾಲು ನೆಲದತ್ತ ಇಳಿದು ಇನ್ನೊಂದು ಕಾಲಿನ ಹಿಮ್ಮಡಿಯ ಬಳಿಗೆ ಬರಲಿ, ಕೈ ತಪ್ಪಿದರೂ ಕಾಲು ತಡೆಯುತ್ತದೆ. ಮಾಡುವ ದೊಡ್ಡ ತಪ್ಪು ಎಂದರೆ ಚೆಂಡು ಕೈಗೆ ಬರುವ ಮುಂಚೆಯೇ ಯಾರಿಗೆ ಎಸೆಯಲಿ ಎಂದು ತಲೆ ಎತ್ತುವುದು. ಹತ್ತು ಚೆಂಡಿನ ನಾಲ್ಕು ಸುತ್ತು, ನಡುವೆ ಒಂದು ನಿಮಿಷ ಬಿಡುವು, ವಾರಕ್ಕೆ ಮೂರು ದಿನ ಸಾಕು. ದಣಿದ ಕೈಗೆ ನೂರು ಚೆಂಡು ಹೊಡೆಸಿದರೆ ಕಲಿಯುವುದು ತಪ್ಪನ್ನೇ.

ನಿಲ್ಲುವ ಜಾಗಕ್ಕೆ ಹಗ್ಗದ ಅಭ್ಯಾಸ ಮಾಡಿಸಿ. ತಲಾ 12 ಮೀಟರ್‌ನ ಎರಡು ಹಗ್ಗ ಸಾಕು. ಒಂದೊಂದನ್ನು ಒಂದೊಂದು ಕಂಬಕ್ಕೆ ಕಟ್ಟಿ, ಇನ್ನೊಂದು ತುದಿಗಳನ್ನು 11 ಮೀಟರ್ ದೂರದ ಪೆನಾಲ್ಟಿ ಚುಕ್ಕೆಯಲ್ಲಿ ಸೇರಿಸಿ. ಗೆರೆಯ ಮೇಲೆ ನಿಂತರೆ ಕಾಯಬೇಕಾದ ಅಗಲ 7.32 ಮೀಟರ್. ಮೂರು ಮೀಟರ್ ಮುಂದೆ ಬಂದರೆ ಹಗ್ಗಗಳ ನಡುವಿನ ಅಂತರ ಸುಮಾರು 5.3 ಮೀಟರ್. ಆ ಎರಡು ಮೀಟರ್ ಉಳಿತಾಯವನ್ನು ಕಣ್ಣಾರೆ ನೋಡಿದ ಹುಡುಗನಿಗೆ ಉಪನ್ಯಾಸ ಬೇಕಿಲ್ಲ. ತೀರಾ ಮುಂದೆ ಬಂದರೆ ತಲೆ ಮೇಲಿಂದ ಎತ್ತಿ ಹಾಕುತ್ತಾರೆ, ಅದೂ ಗೊತ್ತಿರಲಿ.

ಇನ್ನು ನಮ್ಮ ಮೈದಾನಗಳ ಸಂಗತಿ. ಗೋಲಿನ ಮುಂದೆ ಹುಲ್ಲು ಸವೆದು ಮಣ್ಣು ಗುಂಡಿ ಬಿದ್ದಿರುತ್ತದೆ. ಪಂದ್ಯಕ್ಕೆ ಅರ್ಧ ಗಂಟೆ ಮುಂಚೆ ಹೋಗಿ ಎರಡೂ ಕಡೆಯ ಗೋಲಿನ ಮುಂದೆ ಚೆಂಡು ಉರುಳಿಸಿ, ಎಲ್ಲಿ ಪುಟಿಯುತ್ತದೆ ನೋಡಿಕೊಳ್ಳಲಿ, ಕಲ್ಲಿದ್ದರೆ ಆರಿಸಲಿ.

ಗ್ಲೌಸ್ ವಿಷಯ ಕೊನೆಗೆ, ಯಾಕೆಂದರೆ ಅದರ ಪಾಲು ಅಷ್ಟೇ. ಬೆರಳ ತುದಿಯಲ್ಲಿ ಅರ್ಧದಿಂದ ಒಂದು ಸೆಂಟಿಮೀಟರ್ ಜಾಗ ಉಳಿಯಬೇಕು. ಅಂಗೈಯ ಲ್ಯಾಟೆಕ್ಸ್‌ಗೆ ತೇವ ಬೇಕು. ಆಟಕ್ಕೆ ಮುಂಚೆ ಸ್ವಲ್ಪ ನೀರು ಹಚ್ಚಿ. ಧೂಳು ಮೆತ್ತಿದ ಗ್ಲೌಸ್ ಎಷ್ಟು ದುಬಾರಿಯದಾದರೂ ಜಾರುತ್ತದೆ, ಹಾಫ್ ಟೈಮ್‌ನಲ್ಲಿ ಒದ್ದೆ ಬಟ್ಟೆಯಿಂದ ಒರೆಸಬೇಕು. ಮನೆಯಲ್ಲಿ ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಹಿಂಡದೆ, ನೆರಳಲ್ಲಿ ಒಣಗಿಸಿ. ದಾವಣಗೆರೆ ಬಿಸಿಲಿಗೆ ಹಾಕಿದರೆ ಲ್ಯಾಟೆಕ್ಸ್ ಸೆಟೆದು ಬಿರಿಯುತ್ತದೆ.

ಪ್ರಶ್ನೆ: ತಮ್ಮ ಬೆಂಗಳೂರಿನ ಒಂದು ಕ್ಲಬ್ಬಿನಲ್ಲಿ ವೃತ್ತಿಪರ ಕೀಪರ್. ಎರಡು ಸೀಸನ್ ಬೆಂಚಿನಲ್ಲೇ ಕೂತಿದ್ದಾನೆ. ಒಪ್ಪಂದ ಇನ್ನೊಂದು ವರ್ಷ ಇದೆ. ಬಿಟ್ಟು ಬರಬಹುದೇ?
(ಅಕ್ಕ, ಹರಿಹರ)

ಉತ್ತರ: ಹೇಳದೆ ಕೇಳದೆ ಬಿಟ್ಟು ಬರುವಂತಿಲ್ಲ. ಒಪ್ಪಂದ ಮುರಿದವರಿಗೆ ಪರಿಹಾರದ ಹೊರೆ ಬೀಳುತ್ತದೆ, ಆಟದಿಂದ ನಿಷೇಧವೂ ಬರಬಹುದು. ಫಿಫಾ ನಿಯಮದಲ್ಲಿ ಇರುವ ದಾರಿಗಳನ್ನು ಹೇಳುತ್ತೇವೆ. ದೇಶದೊಳಗಿನ ವ್ಯವಹಾರಕ್ಕೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ (ಎಐಎಫ್‌ಎಫ್) ವರ್ಗಾವಣೆ ನಿಯಮಾವಳಿ ಇದೆ, ಅದನ್ನೂ ಓದಿಸಿ.

ಒಪ್ಪಂದದ ಕೊನೆಯ ಆರು ತಿಂಗಳಲ್ಲಿ ಬೇರೆ ಕ್ಲಬ್ ಜತೆ ಮುಂದಿನ ಅವಧಿಗೆ ಸಹಿ ಹಾಕಬಹುದು. ಸೀಸನ್ನಿನ ಅಧಿಕೃತ ಪಂದ್ಯಗಳಲ್ಲಿ ಶೇ 10ಕ್ಕಿಂತ ಕಡಿಮೆ ಆಡಿದವರು ಕೊನೆಯ ಪಂದ್ಯದ ನಂತರ 15 ದಿನದೊಳಗೆ ಒಪ್ಪಂದ ಮುಗಿಸಲು ಕೇಳಬಹುದು. ಆದರೆ ಆ ಅವಕಾಶ ನೆಲೆ ಕಂಡ ವೃತ್ತಿಪರರಿಗೆ; ಪಂದ್ಯವನ್ನೇ ಆಡದ ಎಳೆಯ ಎರಡನೇ ಕೀಪರ್ ಅದನ್ನು ನಂಬಿಕೊಂಡು ಕೂರುವುದು ಬೇಡ. ಎರಡು ತಿಂಗಳ ಸಂಬಳ ಬಾಕಿ ಇದ್ದರೆ ಲಿಖಿತ ನೋಟಿಸ್ ಕೊಟ್ಟು 15 ದಿನ ಕಾಯಬೇಕು, ಆಗಲೂ ಕೊಡದಿದ್ದರೆ ಮುಕ್ತವಾಗಲು ನ್ಯಾಯವಾದ ಕಾರಣ ಸಿಗುತ್ತದೆ. ಫೋನಿನಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ.

ನಮ್ಮ ಅಭಿಪ್ರಾಯದಲ್ಲಿ ನಿಮ್ಮ ತಮ್ಮನಿಗೆ ಹೊಂದುವುದು ಎರವಲು. ಆದರೆ ಎಲ್ಲಿಗೆ ಎಂಬುದು ಮುಖ್ಯ. ಒಂದು ಸೀಸನ್ನಿನಲ್ಲಿ ಹೆಚ್ಚೆಂದರೆ ಮೂರು ಕ್ಲಬ್ಬಿನಲ್ಲಿ ನೋಂದಣಿ, ಎರಡರ ಪರವಾಗಿ ಮಾತ್ರ ಆಟ. ದೊಡ್ಡ ಹೆಸರಿನ ಇನ್ನೊಂದು ಬೆಂಚಿಗೆ ಹೋಗಿ ಕೂತರೆ ಆ ಅವಕಾಶವೂ ಮುಗಿಯಿತು. ಅಲ್ಲಿನ ಮೊದಲ ಕೀಪರ್ ಯಾರು, ಅವರ ಒಪ್ಪಂದ ಯಾವಾಗ ಮುಗಿಯುತ್ತದೆ, ಕೀಪರ್‌ಗೆಂದೇ ಕೋಚ್ ಇದ್ದಾರೆಯೇ, ಸಂಬಳ ಕೊಡುವವರು ಯಾರು, ಗಾಯವಾದರೆ ಚಿಕಿತ್ಸೆ ಯಾರದು ಎಂಬುದೆಲ್ಲ ಕಾಗದದಲ್ಲಿ ಬರಲಿ. ಖಾಲಿ ಹಾಳೆಗೆ ಸಹಿ ಕೇಳುವ ಏಜೆಂಟ್ ಬಂದರೆ ಬಾಗಿಲು ಹಾಕಿಕೊಳ್ಳಿ.

ಪ್ರಶ್ನೆ: ಕೀಪರ್ ಚೆಂಡು ಹಿಡಿದುಕೊಂಡು ನಿಂತರೆ ರೆಫರಿ ಕಾರ್ನರ್ ಕೊಡುತ್ತಾರಂತೆ, ನಿಜವೇ?
(ಹಿರಿಯೂರು)

ಉತ್ತರ: ನಿಜ. 2025ರ ಜುಲೈನಿಂದ ಮಿತಿ ಎಂಟು ಸೆಕೆಂಡು. ಕೊನೆಯ ಐದನ್ನು ರೆಫರಿ ಕೈಯೆತ್ತಿ ಬೆರಳಲ್ಲಿ ಎಣಿಸಿ ತೋರಿಸುತ್ತಾರೆ. ಮೀರಿದರೆ ಎದುರಾಳಿಗೆ ಕಾರ್ನರ್.

ಪ್ರಶ್ನೆ: ಫೈನಲ್‌ನಲ್ಲಿ ನಮ್ಮ ಶಾಲೆಯ ಕೀಪರ್‌ನಿಂದ ಎರಡು ಗೋಲು ಹೋಯಿತು. ಹುಡುಗ ಅಭ್ಯಾಸಕ್ಕೇ ಬರುತ್ತಿಲ್ಲ. ಮುಂದಿನ ಪಂದ್ಯಕ್ಕೆ ಆಡಿಸಲೇ, ಬಿಡಲೇ?
(ದೈಹಿಕ ಶಿಕ್ಷಕರು, ಚಿತ್ರದುರ್ಗ)

ಉತ್ತರ: ಸರ್, ಮೊದಲು ಒಂದು ಮಾತು ವಿಚಾರಿಸಿ: ಆ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದಿತ್ತೇ?

2018ರ ಮೇ 26ರಂದು ಕೀವ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಲಿವರ್‌ಪೂಲ್‌ನ ಲೋರಿಸ್ ಕರಿಯುಸ್ ಎಸೆದ ಚೆಂಡು ಎದುರಾಳಿ ರಿಯಲ್ ಮ್ಯಾಡ್ರಿಡ್‌ನ ಬೆಂಜೆಮಾ ಕಾಲಿಗೆ ತಾಗಿ ಗೋಲಾಯಿತು. 83ನೇ ನಿಮಿಷದಲ್ಲಿ ಬೇಲ್ ದೂರದಿಂದ ಹೊಡೆದದ್ದು ಕೈಯಿಂದ ಜಾರಿ ಒಳಗೆ ಹೋಯಿತು. 3-1ರ ಸೋಲು. ಮೊದಲ ತಪ್ಪಿಗೆ ತುಸು ಮುಂಚೆ ಮ್ಯಾಡ್ರಿಡ್‌ನ ರಾಮೋಸ್ ಮೊಣಕೈ ಅವರ ತಲೆಗೆ ತಾಗಿತ್ತು. ಆಮೇಲೆ ಪರೀಕ್ಷಿಸಿದ ಅಮೆರಿಕದ ವೈದ್ಯರು ಕನ್ಕಷನ್ (ತಲೆಯ ಪೆಟ್ಟಿನಿಂದ ಮಿದುಳಿಗಾಗುವ ಆಘಾತ) ಆಗಿತ್ತು ಎಂದರು. ಅಷ್ಟರಲ್ಲಿ ಹೆಸರು ಕೆಟ್ಟಾಗಿತ್ತು. ಜುಲೈನಲ್ಲಿ ಹೊಸ ಕೀಪರ್ ಅಲಿಸನ್ ಬಂದರು, ಕರಿಯುಸ್ ಟರ್ಕಿಯ ಬೆಸಿಕ್ತಾಸ್‌ಗೆ ಎರವಲು ಹೋದರು.

ತಲೆನೋವು, ವಾಂತಿ, ಮಂಕು, ಬೆಳಕು ಆಗದಿರುವುದು, ನಿದ್ದೆಯಲ್ಲಿ ಏರುಪೇರು ಇದ್ದರೆ ಆಡಿಸುವ ಮಾತೇ ಇಲ್ಲ, ವೈದ್ಯರ ಬಳಿ ಕರೆದೊಯ್ಯಿರಿ. ಅವರು ಒಪ್ಪಿದ ಮೇಲೂ ನಡಿಗೆ, ಓಟ, ಚೆಂಡಿನ ಅಭ್ಯಾಸ, ಕೊನೆಗೆ ಡೈವ್ ಎಂದು ಹಂತಹಂತವಾಗಿ, ಒಂದೊಂದಕ್ಕೂ ಕನಿಷ್ಠ 24 ಗಂಟೆ ಕೊಟ್ಟು ತನ್ನಿ.

ತಲೆಗೆ ಏನೂ ಆಗಿಲ್ಲವಾದರೆ ಆಡಿಸಿ, ಆದರೆ ನೇರ ಟೂರ್ನಿಗೆ ಬೇಡ. ನಡುವೆ ಒಂದು ಸ್ನೇಹಪಂದ್ಯ ಇಟ್ಟು, ಅರ್ಧ ಆಟ ಇವನು, ಅರ್ಧ ಎರಡನೇ ಕೀಪರ್ ಎಂದು ಮೊದಲೇ ಎಲ್ಲರೆದುರು ಹೇಳಿಬಿಡಿ. ಆಟದ ನಡುವೆ ಬದಲಿಸಿದರೆ ಅದು ಶಿಕ್ಷೆಯಾಗಿ ಕಾಣುತ್ತದೆ. ಮೊದಲ ಹತ್ತು ನಿಮಿಷದಲ್ಲಿ ಡಿಫೆಂಡರ್‌ಗಳು ಎರಡು ಮೂರು ಸಲ ಸುಲಭದ ಬ್ಯಾಕ್‌ಪಾಸ್ ಕೊಡಲಿ, ಗೋಲಿನ ನೇರಕ್ಕೆ ಅಲ್ಲ, ಕಂಬದ ಹೊರಗಿನ ಬದಿಗೆ. ನೆಲ ಒರಟಾಗಿದ್ದು ಚೆಂಡು ಕಾಲ ಕೆಳಗೆ ನುಸುಳಿದರೂ ಕಾರ್ನರ್ ಆಗುತ್ತದೆಯೇ ಹೊರತು ಗೋಲಾಗುವುದಿಲ್ಲ. ಅವನು ಕೈಯಲ್ಲಿ ಮುಟ್ಟಬಾರದು ಎಂಬುದನ್ನು ಮಾತ್ರ ಇನ್ನೊಮ್ಮೆ ನೆನಪಿಸಿ.